ಜೋ ಮೂರ್ ಅವರಿಗೆ, ಲೈನ್ ಕಟ್ಟುವ ಎಲ್ಲ ಕೋಚ್‌ಗಳಿಗೆ ವಂದನೆ

ಜೋ ಮೂರ್ ಪ್ರಶಸ್ತಿಗೆ 2024ಕ್ಕೆ ಹತ್ತು ಋತು ತುಂಬಿತು. 2015ರಲ್ಲಿ ಅಲಬಾಮಾಕ್ಕೆ ಸಂದದ್ದು ಮೊದಲನೆಯದು, 2024ರಲ್ಲಿ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನ ಆರ್ಮಿ ತಂಡಕ್ಕೆ ಸಂದದ್ದು ಹತ್ತನೆಯದು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಚೆಂಡಿನ ಎದುರು ಬಗ್ಗಿ ನಿಲ್ಲುವ ಐವರಿಗೆ, ಅಂದರೆ ಇಡೀ ಆಫೆನ್ಸಿವ್ ಲೈನ್‌ಗೆ, ಒಟ್ಟಾಗಿ ಕೊಡುವ ಪ್ರಶಸ್ತಿ ಇದು. ಮೂರ್ತಿಯ ತೂಕ ಸುಮಾರು 800 ಪೌಂಡ್, ಹೆಚ್ಚುಕಡಿಮೆ 360 ಕಿಲೋ. ಒಬ್ಬರಿಂದ ಎತ್ತಲಾಗದು, ಹಾಗೆ ಇರಬೇಕಾದ್ದೂ ಸರಿಯೇ.

ಹತ್ತು ತುಂಬಿದ ನೆಪದಲ್ಲಿ, ಈ ಆಟವನ್ನು ಕನ್ನಡದಲ್ಲಿ ಮಾತಾಡಿಕೊಂಡು ನೋಡುವ ನಾವೆಲ್ಲ ಸೇರಿ ಒಂದು ಋಣ ಹೇಳಿಕೊಳ್ಳಬೇಕು ಅನ್ನಿಸಿತು. ಪ್ರಶಸ್ತಿಗೆ ತಮ್ಮ ಹೆಸರು ಕೊಟ್ಟ ಜೋ ಮೂರ್ 2003ರಲ್ಲಿಯೇ ತೀರಿಕೊಂಡರು. ಈ ವಂದನೆ ಅವರಿಗೆ, ಅವರ ಕಸುಬನ್ನು ಇಂದಿಗೂ ಹೊತ್ತಿರುವ ಕೋಚ್‌ಗಳಿಗೆ.

ಮೂರ್ ಅವರ ದಾರಿ ಪಿಟ್ಸ್‌ಬರ್ಗ್ ಪಕ್ಕದ ಅಪ್ಪರ್ ಸೇಂಟ್ ಕ್ಲೇರ್ ಹೈಸ್ಕೂಲ್‌ನಿಂದ ಹೊರಟದ್ದು. ಮುಂದೆ ಕಾಲೇಜು ತಂಡಗಳ ಲೈನ್ ಕೋಚ್: 1977ರಿಂದ 1985ರವರೆಗೆ ಪಿಟ್ (ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ), ಆಮೇಲೆ ಎರಡು ವರ್ಷ ಟೆಂಪಲ್, 1988ರಿಂದ 1996ರವರೆಗೆ ನೋಟರ್ ಡೇಮ್. ಪಿಟ್‌ನಲ್ಲಿ ಅವರ ಕೈಕೆಳಗೆ ಬೆಳೆದವರನ್ನು ನೋಡಿ: ಕಾಲೇಜಿನ ಅತ್ಯುತ್ತಮ ಲೈನ್‌ಮನ್‌ಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿಯನ್ನು 1980ರಲ್ಲಿ ಗೆದ್ದ ಮಾರ್ಕ್ ಮೇ, ಮುಂದೆ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದ ರಸ್ ಗ್ರಿಮ್ ಮತ್ತು ಜಿಂಬೋ ಕೋವರ್ಟ್, ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನಲ್ಲಿ 1985ರಲ್ಲಿ ಎರಡನೆಯವನಾಗಿ ಆಯ್ಕೆಯಾದ ಬಿಲ್ ಫ್ರಾಲಿಕ್. ಗ್ರಿಮ್ ಪಿಟ್‌ಗೆ ಬಂದದ್ದು ಲೈನ್‌ಬ್ಯಾಕರ್ ಆಗಿ, ಅಂದರೆ ರಕ್ಷಣಾ ಸಾಲಿನ ಹಿಂದೆ ನಿಲ್ಲುವವನಾಗಿ. ಅವನು ಲೈನ್‌ನ ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಆದದ್ದು ಅಲ್ಲಿಗೆ ಬಂದ ಮೇಲೆ. ಒಬ್ಬ ಹುಡುಗನ ದೇಹ ಮೂರು ವರ್ಷದ ನಂತರ ಯಾವ ಜಾಗಕ್ಕೆ ಹೊಂದುತ್ತದೆ ಎಂದು ಇವತ್ತೇ ಕಾಣುವ ಕಣ್ಣು ಇಲ್ಲದಿದ್ದರೆ ಈ ಕೆಲಸ ಸಾಗದು. ಹೈಸ್ಕೂಲ್ ಹುಡುಗರನ್ನು ನೋಡುವಾಗ ಒಳ್ಳೆಯ ಲೈನ್ ಕೋಚ್ ತೂಕವನ್ನು ಮೊದಲು ನೋಡುವುದಿಲ್ಲ, ಊಟ ಮತ್ತು ಜಿಮ್ ಅದನ್ನು ತಂದುಕೊಡುತ್ತವೆ. ಅವರು ನೋಡುವುದು ತೋಳಿನ ಉದ್ದ, ಪಾದದ ಚುರುಕು, ಎಲ್ಲಕ್ಕಿಂತ ಮಿಗಿಲಾಗಿ ಹುಡುಗ ಬಗ್ಗುವುದು ಮಂಡಿಯಿಂದಲೋ ಸೊಂಟದಿಂದಲೋ ಎಂಬುದನ್ನು. ಸೊಂಟದಿಂದ ಬಗ್ಗುವವನು ಮುಂದಕ್ಕೆ ವಾಲುತ್ತಾನೆ, ಎದುರಾಳಿ ಪಕ್ಕಕ್ಕೆ ಸರಿದರೆ ನೆಲ ಕಚ್ಚುತ್ತಾನೆ. ಹೈಸ್ಕೂಲ್‌ನಲ್ಲಿ ಕುಸ್ತಿ ಆಡಿದ ಹುಡುಗರ ಮೇಲೆ ಈ ಕೋಚ್‌ಗಳಿಗೆ ಒಲವು ಜಾಸ್ತಿ. ಗರಡಿಯ ಮಣ್ಣು ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಇನ್ನು ಅವರು ಕಲಿಸಿದ್ದಕ್ಕೆ ಬರೋಣ. ಒಬ್ಬ ಮನುಷ್ಯನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಸುವುದಕ್ಕಿಂತ ದೊಡ್ಡ ಸಂತೋಷ ಇಲ್ಲ ಎನ್ನುವುದು ಮೂರ್ ಅವರ ಮಾತು. ಕೇಳಲು ಬರೀ ಬಲದ ಮಾತು, ಆದರೆ ಆ ಸರಿಸುವಿಕೆಯ ಲೆಕ್ಕವೆಲ್ಲ ಇಂಚಿನಲ್ಲಿದೆ.

ಮೊದಲು ನಿಲುವು. ಪಾದಗಳು ಭುಜದಗಲ, ಒಂದು ಪಾದ ತುಸು ಹಿಂದೆ, ಒಂದು ಕೈ ನೆಲಕ್ಕೆ. ನೆಲ ಮುಟ್ಟಿದ ಬೆರಳ ತುದಿ ಬೆಳ್ಳಗಾಯಿತೋ, ಮೈಭಾರ ಮುಂದಕ್ಕೆ ಹೋಗಿದೆ ಎಂದರ್ಥ. ಎದುರಿನ ಡಿಫೆನ್ಸಿವ್ ಲೈನ್‌ಮನ್ ಅದನ್ನೇ ಓದುತ್ತಾನೆ: ಕೈ ಮೇಲೆ ಭಾರವಿದ್ದರೆ ಚೆಂಡು ಹಿಡಿದು ಓಡುವ ಓಟ, ಹಿಮ್ಮಡಿ ಮೇಲೆ ಕೂತಿದ್ದರೆ ಚೆಂಡು ಎಸೆಯುವ ಪಾಸ್. ಓಟವಿರಲಿ ಪಾಸ್ ಇರಲಿ, ಒಂದೇ ನಿಲುವಿನಲ್ಲಿ ನಿಲ್ಲಲು ಕಲಿಯುವುದಕ್ಕೆ ಎಷ್ಟೋ ಹುಡುಗರಿಗೆ ಒಂದು ಇಡೀ ವರ್ಷ ಬೇಕು.

ಆಮೇಲೆ ಮೊದಲ ಹೆಜ್ಜೆ, ಸುಮಾರು ಆರು ಇಂಚು, ಅದಕ್ಕಿಂತ ಹೆಚ್ಚು ಬೇಡ. ಉತ್ಸಾಹದ ಹುಡುಗ ಒಂದೂವರೆ ಅಡಿ ಹಾಕುತ್ತಾನೆ, ಡಿಕ್ಕಿಯಾಗುವ ಹೊತ್ತಿಗೆ ಒಂಟಿಕಾಲಲ್ಲಿರುತ್ತಾನೆ. 300 ಪೌಂಡ್‌ನವನೂ ಒಂಟಿಕಾಲಲ್ಲಿ ಸಿಕ್ಕರೆ ಹಗುರ. ಎದೆಗೆ ಎದೆ ತಾಗುವ ಮುನ್ನ ಎರಡನೆಯ ಪಾದ ನೆಲದಲ್ಲಿರಬೇಕು. ಅದಕ್ಕೇ ಮೈದಾನದಲ್ಲಿ ಉದ್ದದ ಹಲಗೆ ಮಲಗಿಸಿ ಅದರ ಎರಡೂ ಬದಿಗೆ ಕಾಲಿಟ್ಟು ತಳ್ಳಿಸುತ್ತಾರೆ: ಕಾಲು ಹತ್ತಿರ ಬಂದರೆ ಹಲಗೆ ತಾಗುತ್ತದೆ, ಕೋಚ್ ಬಾಯಿ ಬಿಡುವ ಮೊದಲೇ ಹುಡುಗನಿಗೆ ತಪ್ಪು ಗೊತ್ತಾಗುತ್ತದೆ. ತಗ್ಗು ಚಾವಣಿಯಂಥ ಕಬ್ಬಿಣದ ಚೌಕಟ್ಟಿನ ಕೆಳಗಿಂದ ನುಗ್ಗಿಸುವುದೂ ಇಂಥದ್ದೇ ಪಾಠ. ಅವಸರಕ್ಕೆ ಎದ್ದು ನಿಂತವನ ಹೆಲ್ಮೆಟ್ ಕಬ್ಬಿಣಕ್ಕೆ ಬಡಿಯುತ್ತದೆ.

ಕೈಗಳು ಎದುರಾಳಿಯ ಎದೆಯ ಚೌಕಟ್ಟಿನ ಒಳಗೆ, ಹೆಬ್ಬೆರಳು ಮೇಲಕ್ಕೆ, ಮೊಣಕೈ ಪಕ್ಕೆಗೆ ಅಂಟಿದಂತೆ. ಕೈ ಭುಜದ ಹೊರಗೆ ಜಾರಿತು ಅಂದರೆ ಹಿಡಿಯುವುದೊಂದೇ ದಾರಿ, ಹಿಡಿದರೆ ರೆಫರಿಯ ಹಳದಿ ಬಟ್ಟೆ, ಹತ್ತು ಗಜ ಹಿಂದಕ್ಕೆ. ಹೀಗೆ ಹಿಡಿಯುವ ಹೋಲ್ಡಿಂಗ್ ಬಹುಪಾಲು ಕಾಲಿನ ತಪ್ಪು. ಕಾಲು ತಡವಾದದ್ದನ್ನು ಕೈ ಮುಚ್ಚಿಹಾಕಲು ಹೋಗುತ್ತದೆ. ಇದನ್ನು ಅರಿತ ಕೋಚ್ ಹುಡುಗನ ಕೈಗೆ ಬೈಯುವುದಿಲ್ಲ, ಟೇಪನ್ನು ಎರಡು ಸೆಕೆಂಡ್ ಹಿಂದಕ್ಕೆ ತಿರುಗಿಸಿ ಪಾದ ತೋರಿಸುತ್ತಾರೆ.

ಇಬ್ಬರು ಸೇರಿ ಒಬ್ಬನನ್ನು ಸರಿಸುವ ಡಬಲ್ ಟೀಮ್ ನಮಗೆ ಈ ಕಸುಬಿನ ಅತಿ ಚೆಂದದ ಭಾಗ. ಸೆಂಟರ್‌ನ ಪಕ್ಕದ ಗಾರ್ಡ್ ಮತ್ತು ಅಂಚಿನ ಟ್ಯಾಕಲ್ ಸೊಂಟಕ್ಕೆ ಸೊಂಟ ಕೂಡಿಸಿ ಎದುರಿನ ದಡಿಯನನ್ನು ಹಿಂದಕ್ಕೆ ನೂಕಬೇಕು. ನಾಲ್ಕು ಕೈ ಅವನ ಮೇಲೆ, ನಾಲ್ಕು ಕಣ್ಣು ಅವನ ಹಿಂದಿರುವ ಲೈನ್‌ಬ್ಯಾಕರ್ ಮೇಲೆ. ಲೈನ್‌ಬ್ಯಾಕರ್ ಯಾರ ಬದಿಗೆ ಬಂದನೋ ಅವನು ಕಳಚಿಕೊಂಡು ಹೋಗಿ ತಡೆಯಬೇಕು, ಉಳಿದವನು ದಡಿಯನನ್ನು ಪೂರ್ತಿ ವಹಿಸಿಕೊಳ್ಳಬೇಕು. ಬೇಗ ಕಳಚಿದರೆ ದಡಿಯ ಇಬ್ಬರ ನಡುವೆ ಸೀಳಿಕೊಂಡು ಬರುತ್ತಾನೆ. ತಡವಾದರೆ ಲೈನ್‌ಬ್ಯಾಕರ್ ಓಟಗಾರನನ್ನು ಅಲ್ಲೇ ಕೆಡವುತ್ತಾನೆ. ಸೊಂಟಗಳ ನಡುವೆ ಸಂದಿ ಬಿಟ್ಟರಂತೂ ಬೇರೇನೂ ಬೇಕಿಲ್ಲ. ಕಳಚುವ ಆ ಗಳಿಗೆಯನ್ನು ಹೇಳಿ ಕಲಿಸಲಾಗದು. ಆ ಇಬ್ಬರನ್ನೇ ಅಕ್ಕಪಕ್ಕ ನಿಲ್ಲಿಸಿ ಸಾವಿರ ಸಲ ಮಾಡಿಸಬೇಕು. ಒಬ್ಬನಿಗೆ ಗಾಯವಾಗಿ ಬದಲಿ ಬಂದ ದಿನ ಒಳ್ಳೆಯ ಲೈನ್ ಕೂಡ ತಡವರಿಸುವುದು ಇದೇ ಕಾರಣಕ್ಕೆ.

ಪಾಸ್ ರಕ್ಷಣೆಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಹಿಂದೆ ಸರಿಯುತ್ತ ಗೆಲ್ಲಬೇಕು. ಹೊರಗಾಲು ಹಿಂದಕ್ಕೆ ಜಾರುತ್ತದೆ, ಒಳಗಾಲು ಹಿಂಬಾಲಿಸುತ್ತದೆ, ಒಂದನ್ನೊಂದು ದಾಟುವಂತಿಲ್ಲ. ಕೈ ಬೇಗ ಬೀಸಿದರೆ ಎದುರಾಳಿ ಅದನ್ನು ಬಡಿದು ಪಕ್ಕದಿಂದ ನುಸುಳುತ್ತಾನೆ, ತಡಮಾಡಿದರೆ ಎದೆಗೇ ನುಗ್ಗಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮಡಿಲಿಗೆ ತಳ್ಳುತ್ತಾನೆ. ಇಬ್ಬರು ರಕ್ಷಣಾ ಆಟಗಾರರು ದಾರಿ ಅದಲುಬದಲು ಮಾಡಿಕೊಂಡು ಬಂದಾಗ ಗಾರ್ಡ್ ಮತ್ತು ಟ್ಯಾಕಲ್ ಒಂದೇ ಆಳದಲ್ಲಿರಬೇಕು. ಒಬ್ಬ ಅರ್ಧ ಗಜ ಹಿಂದಿದ್ದರೂ ಸಾಕು, ಇಬ್ಬರೂ ಒಬ್ಬರಿಗೊಬ್ಬರು ಅಡ್ಡಬಿದ್ದು ಒಳಗೆ ಸುತ್ತಿ ಬರುವವನಿಗೆ ಬಾಗಿಲು ತೆರೆದಂತೆ.

ಎದುರಾಳಿಯ ಊರಿನಲ್ಲಿ ಕೂಗಾಟಕ್ಕೆ ಕಿವಿ ಕೇಳಿಸದಿದ್ದಾಗ ಗಾರ್ಡ್ ಹಿಂತಿರುಗಿ ಕ್ವಾರ್ಟರ್‌ಬ್ಯಾಕ್‌ನ ಸನ್ನೆ ನೋಡಿ ಸೆಂಟರನ್ನು ತಟ್ಟುತ್ತಾನೆ, ಸೆಂಟರ್ ತಲೆಯಾಡಿಸಿ ಚೆಂಡು ಕೊಡುತ್ತಾನೆ. ಅದನ್ನು ಕಾದು ಏಳಬೇಕಾದ ಟ್ಯಾಕಲ್ ಒಂದು ಚಿಟಿಕೆ ಮೊದಲು ಅಲುಗಿದರೂ ಐದು ಗಜ ದಂಡ.

ಇಷ್ಟೆಲ್ಲ ಕಲಿತು ಆಡಿದವನ ಹೆಸರಿಗೆ ಸ್ಕೋರ್ ಪಟ್ಟಿಯಲ್ಲಿ ಗಜವಿಲ್ಲ, ಅಂಕವಿಲ್ಲ. ಮೈಕಿನಲ್ಲಿ ಅವನ ನಂಬರ್ ಕೇಳಿಸುವುದು ದಂಡ ಬಿದ್ದಾಗ. ಎದುರಾಳಿಯನ್ನು ದೋಸೆ ಮಗುಚಿದಂತೆ ಬೆನ್ನಿನ ಮೇಲೆ ಕೆಡವುವ ತಡೆಗೆ ಪ್ಯಾನ್‌ಕೇಕ್ ಎಂದು ಹೆಸರು. ಮೂರ್ ಅವರ ಶಿಷ್ಯ ಫ್ರಾಲಿಕ್‌ನ ಆಟವನ್ನು ಲೋಕಕ್ಕೆ ತೋರಿಸಲು ಪಿಟ್‌ನವರು ಆ ಲೆಕ್ಕವನ್ನೇ ಹಿಡಿದರು. ಕೋಚ್ ಮಾತ್ರ ತಮ್ಮದೇ ಪಟ್ಟಿ ಇಡುತ್ತಾರೆ. ಪಂದ್ಯದ ಮರುದಿನ ಕೂತು ಪಂದ್ಯದ ಪ್ರತಿ ಆಟದಲ್ಲೂ, ಅಂದರೆ ಸೆಂಟರ್ ಚೆಂಡು ಕೊಟ್ಟ ಪ್ರತಿ ಸಲವೂ, ಐವರಲ್ಲಿ ಪ್ರತಿಯೊಬ್ಬನಿಗೆ ಪ್ಲಸ್ ಅಥವಾ ಮೈನಸ್ ಹಾಕುತ್ತಾರೆ. ಎಪ್ಪತ್ತು ಆಟವಾದರೆ ಮುನ್ನೂರೈವತ್ತು ಗುರುತು. ಆಟಗಾರರ ಜೊತೆ ಸಿಗುವುದು ವಾರಕ್ಕೆ 20 ಗಂಟೆ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ ಅದಕ್ಕಿಂತ ಹೆಚ್ಚು ಬಿಡದು. ಉಳಿದ ರಾತ್ರಿಗಳೆಲ್ಲ ಕೋಚ್‌ನ ಸ್ವಂತದ್ದು, ಅವೂ ಟೇಪಿನ ಮುಂದೆಯೇ ಕಳೆಯುತ್ತವೆ.

1988ರಲ್ಲಿ ಮೂರ್ ನೋಟರ್ ಡೇಮ್‌ಗೆ ಬಂದ ಮೊದಲ ವರ್ಷವೇ ಮುಖ್ಯ ಕೋಚ್ ಲೂ ಹೋಲ್ಟ್ಸ್ ಅವರ ತಂಡ 12 ಪಂದ್ಯಗಳನ್ನೂ ಗೆದ್ದು ರಾಷ್ಟ್ರದ ಚಾಂಪಿಯನ್ ಆಯಿತು. 1993ರ ಲೊಂಬಾರ್ಡಿ ಪ್ರಶಸ್ತಿ ಗೆದ್ದ ಆರನ್ ಟೇಲರ್ ಅಲ್ಲಿನ ಶಿಷ್ಯ. ಗುರುವಿನ ಹೆಸರಲ್ಲಿ ಈ ಪ್ರಶಸ್ತಿ ನಿಲ್ಲಿಸಿದವರಲ್ಲಿ ಅವರೇ ಮುಂದಾಳು. 1996ರ ಋತುವಿನ ಬಳಿಕ ಮೂರ್ ಅವರ ಕೆಲಸ ಹೋಯಿತು. ಅದು ವಯಸ್ಸಿನ ಕಾರಣಕ್ಕೆ ಆದ ಅನ್ಯಾಯ ಎಂದು 1998ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ಬಾಡಿಗೆ ಮನೆಯ ಹಾಗೆ ಊರೂರು ಬದಲಿಸುವ ಈ ವೃತ್ತಿಯಲ್ಲಿ ತೀರ್ಪಿಗಾಗಿ ನಿಂತ ಆ ಧೈರ್ಯಕ್ಕೂ ನಮ್ಮ ನಮಸ್ಕಾರ.

ಅವರ ಪಾಠ ಎಲ್ಲಿಗೆ ಹರಿಯಿತು ಎಂಬುದಕ್ಕೆ ಪ್ರಶಸ್ತಿಯ ಪಟ್ಟಿಯೇ ಸಾಕು. 2016ರಲ್ಲಿ ಗೆದ್ದ ಅಯೋವಾದ ಮುಖ್ಯ ಕೋಚ್ ಕರ್ಕ್ ಫೆರೆಂಟ್ಸ್, ಅಪ್ಪರ್ ಸೇಂಟ್ ಕ್ಲೇರ್‌ನಲ್ಲಿ ಮೂರ್ ಅವರ ಕೈಯಲ್ಲೇ ಆಡಿದ ಹುಡುಗ. ಆ ವರ್ಷ ಅಯೋವಾದ ಲೈನ್ ಕಟ್ಟಿದ್ದು ಅವರ ಮಗ ಬ್ರಯಾನ್. 2017ರಲ್ಲಿ ಹ್ಯಾರಿ ಹೀಸ್ಟಂಡ್ ತಯಾರು ಮಾಡಿದ ನೋಟರ್ ಡೇಮ್ ಲೈನ್ ಗೆದ್ದಿತು. ಅದರ ಕ್ವೆಂಟನ್ ನೆಲ್ಸನ್, ಮೈಕ್ ಮೆಕ್‌ಗ್ಲಿಂಚಿ ಇಬ್ಬರೂ ಮರುವರ್ಷದ ಡ್ರಾಫ್ಟ್‌ನ ಮೊದಲ ಹತ್ತರೊಳಗೆ ಹೋದರು. ಆಮೇಲೆ ಗೆದ್ದವರು ಒಕ್ಲಹೋಮಾ, ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್), ಮತ್ತೆ ಅಲಬಾಮಾ, ಸತತ ಎರಡು ಸಲ ಮಿಷಿಗನ್, 2023ರಲ್ಲಿ ವಾಷಿಂಗ್ಟನ್.

ಹತ್ತನೆಯದು ಆರ್ಮಿಗೆ ಸಂದದ್ದು ನಮಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟಿತು. ವೆಸ್ಟ್ ಪಾಯಿಂಟ್‌ನ ಲೈನ್‌ಮನ್ ದೊಡ್ಡ ತಂಡಗಳವರಿಗಿಂತ ಹಗುರ, ಪದವಿ ಮುಗಿಸಿ ಸೇನಾಧಿಕಾರಿಯಾಗುವ ಮುನ್ನ ತೂಕ ಇಳಿಸಲೇಬೇಕಾದವನು. ತೂಕದಲ್ಲಿ ಬಿಟ್ಟುಕೊಟ್ಟದ್ದನ್ನು ತಗ್ಗಿನಲ್ಲಿ ನಿಂತು, ಮೊದಲು ತಾಗಿ, ಬಿಡದೆ ಕಾಲಾಡಿಸಿ ತುಂಬಿಕೊಳ್ಳಬೇಕು. 2024ರಲ್ಲಿ ಆ ಲೈನ್‌ನ ಹಿಂದೆ ಆರ್ಮಿ ಪಂದ್ಯಕ್ಕೆ ಸರಾಸರಿ 300 ಗಜ ಓಡಿತು, ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ ಓಡಿಯೇ 32 ಟಚ್‌ಡೌನ್ ಗಳಿಸಿದ, ತಂಡ 12 ಪಂದ್ಯ ಗೆದ್ದು ತನ್ನ ಮೊದಲ ಕಾನ್ಫರೆನ್ಸ್ (ಕಾಲೇಜು ತಂಡಗಳ ಗುಂಪು) ಕಿರೀಟ ಮುಡಿಯಿತು. ಆ ಲೈನ್ ಕಟ್ಟಿದ ಮ್ಯಾಟ್ ಡ್ರಿಂಕಲ್ ಅದೇ ಡಿಸೆಂಬರ್‌ನಲ್ಲಿ ಸೆಂಟ್ರಲ್ ಮಿಷಿಗನ್‌ನ ಮುಖ್ಯ ಕೋಚ್ ಆದರು.

ಮೂರ್ ಸರ್, ನಿಮಗೆ, ನಿಮ್ಮ ಶಿಷ್ಯರಿಗೆ, ಶಿಷ್ಯರ ಶಿಷ್ಯರಿಗೆ ಧನ್ಯವಾದ. ಚೆಂಡು ಹೋದ ಕಡೆಗೆ ಕಣ್ಣು ಓಡಿಸುತ್ತಿದ್ದ ನಾವು ಈಗ ಮೊದಲು ಗಾರ್ಡ್‌ನ ಪಾದ ನೋಡುತ್ತೇವೆ.