ಎಡಿಟರ್‌ಗೆ ಚಾನೆಲ್ ಬೇಕು, ಆದರೆ ಅರೆಬರೆಯಾಗಿ ಬೇಡ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಈಚೆಗೆ ಪ್ರಕಟವಾದ ಲೇಖನವೊಂದರಲ್ಲಿ, ಟೆಕ್ಸ್ಟ್ ಎಡಿಟರ್ ಎಂಬುದು ಅಕ್ಷರಗಳನ್ನು ತಿದ್ದುವ ಸಾಧನವಾಗಿ ಮಾತ್ರ ಇರಬೇಕು, ಅದಕ್ಕೆ ಹೊಸ ಕೆಲಸ ಕಲಿಸಲು ಬಳಸುವ ಸ್ಕ್ರಿಪ್ಟ್ ಭಾಷೆಗೆ ಬೇರೆ ಪ್ರೊಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ಜೊತೆ ಮಾತನಾಡುವ ಚಾನೆಲ್‌ಗಳನ್ನು ಸೇರಿಸಿದರೆ ಅದು ಅನಗತ್ಯವಾಗಿ ಊದಿಕೊಳ್ಳುತ್ತದೆ ಎಂಬ ಅಭಿಪ್ರಾಯ ವ್ಯಕ್ತವಾಗಿತ್ತು. ಹಲವು ವರ್ಷಗಳಿಂದ ಎಡಿಟರ್‌ನಲ್ಲೇ ದಿನ ಕಳೆಯುತ್ತಿರುವ, ಅದಕ್ಕೆ ಹೊಸ ಸೌಲಭ್ಯ ಸೇರಿಸುವ ಸಣ್ಣಪುಟ್ಟ ಪ್ಲಗಿನ್‌ಗಳನ್ನು ತಾನೇ ಬರೆದುಕೊಳ್ಳುವ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಎಡಿಟರ್ ಚಿಕ್ಕದಾಗಿ, ಚುರುಕಾಗಿ ಉಳಿಯಬೇಕೆಂಬ ಕಾಳಜಿ ನನಗೂ ಇದೆ. ಆ ಕಾಳಜಿ ಇರುವವರೇ ಚಾನೆಲ್ ಬೇಕೆಂದು ಕೇಳಬೇಕು, ಮತ್ತು ಅದನ್ನು ಅರೆಬರೆಯಾಗಿ ಕೊಟ್ಟರೆ ಒಪ್ಪಬಾರದು ಎಂಬುದನ್ನು ವಿವರಿಸಲು ಈ ಪತ್ರ ಬರೆಯುತ್ತಿದ್ದೇನೆ.

ಚಾನೆಲ್ ಇಲ್ಲದ ಎಡಿಟರ್‌ನಲ್ಲಿ ಹೊರಗಿನ ಪ್ರೋಗ್ರಾಂ ಒಂದರಿಂದ ಕೆಲಸ ಮಾಡಿಸಿಕೊಳ್ಳಲು ಸಾಮಾನ್ಯವಾಗಿ ಇರುವ ದಾರಿ ಎಂದರೆ, ಅದನ್ನು ಓಡಿಸಿ, ಅದು ಮುಗಿಯುವವರೆಗೂ ಕಾದು, ಅದು ಕೊಟ್ಟದ್ದನ್ನೆಲ್ಲ ಕೊನೆಯಲ್ಲಿ ಒಟ್ಟಿಗೆ ಓದಿಕೊಳ್ಳುವುದು. ವಿಮ್ ಎಡಿಟರ್‌ನ ಸ್ಕ್ರಿಪ್ಟ್ ಭಾಷೆಯಲ್ಲಿ ‘ಸಿಸ್ಟಮ್’ ಎಂಬ ಫಂಕ್ಷನ್ ಮಾಡುವುದು ಇದನ್ನೇ. ಕೀಲಿಗಳನ್ನು ಓದುವುದು, ಪರದೆಯ ಮೇಲೆ ಸಾಲುಗಳನ್ನು ತೋರಿಸುವುದು, ಸ್ಕ್ರಿಪ್ಟ್ ನಡೆಸುವುದು ಎಲ್ಲವೂ ಒಂದರ ನಂತರ ಒಂದರಂತೆ ನಡೆಯುವುದರಿಂದ, ಸ್ಕ್ರಿಪ್ಟ್ ಕಾಯುತ್ತ ಕುಳಿತರೆ ಉಳಿದದ್ದೂ ಕಾಯಬೇಕಾಗುತ್ತದೆ. ನಾನು ಒಂದು ಕಾಲಕ್ಕೆ ಕಡತವನ್ನು ಸೇವ್ ಮಾಡಿದಾಗಲೆಲ್ಲ ಅದರ ತಪ್ಪುಗಳನ್ನು ಹುಡುಕುವ ಪ್ರೋಗ್ರಾಂ ಒಂದನ್ನು ಹೀಗೆ ಜೋಡಿಸಿಕೊಂಡಿದ್ದೆ. ದೊಡ್ಡ ಕಡತವಾದರೆ ಅದಕ್ಕೆ ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. ಸೇವ್ ಮಾಡಿದ ಕೂಡಲೇ ಕೆಳಗಿನ ಸಾಲಿಗೆ ಹೋಗಲು ಕೀಲಿ ಒತ್ತಿದರೆ ಕರ್ಸರ್ ಅಲುಗುತ್ತಿರಲಿಲ್ಲ. ಅಲುಗಲಿಲ್ಲವಲ್ಲ ಎಂದು ಇನ್ನೆರಡು ಸಲ ಒತ್ತಿದರೆ, ನಾಲ್ಕು ಸೆಕೆಂಡಿನ ನಂತರ ಮೂರೂ ಒತ್ತುಗಳು ಒಮ್ಮೆಗೇ ಜಾರಿಯಾಗಿ, ಕರ್ಸರ್ ನನಗೆ ಬೇಡದ ಸಾಲಿನಲ್ಲಿ ನಿಲ್ಲುತ್ತಿತ್ತು. ಕೊನೆಗೆ ಆ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟೆ. ಬೆರಳಿನ ಓಟಕ್ಕೆ ಅಡ್ಡ ಬರುವ ಸೌಲಭ್ಯ ಎಷ್ಟೇ ಉಪಯುಕ್ತವಾಗಿದ್ದರೂ ಬರೆಯುವವನು ಅದನ್ನು ಹೆಚ್ಚು ದಿನ ಸಹಿಸುವುದಿಲ್ಲ.

ಇದರ ಪರಿಹಾರ ಹೊಸ ಆವಿಷ್ಕಾರವೇನೂ ಅಲ್ಲ. ಒಂದು ಪ್ರೋಗ್ರಾಂ ಹೊರಹಾಕಿದ್ದನ್ನು ಇನ್ನೊಂದಕ್ಕೆ ನೇರವಾಗಿ ಹರಿಸುವ ಪೈಪ್‌ಗಳನ್ನು ಡಗ್ ಮೆಕ್‌ಇಲ್ರಾಯ್ ಅವರ ಒತ್ತಾಯದ ಮೇರೆಗೆ ಕೆನ್ ಥಾಮ್ಸನ್ ಅವರು ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಗೆ ಸೇರಿಸಿದ್ದು 1973ರಲ್ಲಿ. ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್ ಬಳಸುವವರಿಗೆ, ಹಿನ್ನೆಲೆಯಲ್ಲಿ ಪ್ರೊಸೆಸ್ ಒಂದನ್ನು ಓಡಿಸಿಟ್ಟು ಅದರ ಮಾತು ಬಂದಾಗ ಬಂದಷ್ಟನ್ನು ಆ ಎಡಿಟರ್‌ನ ಸ್ಕ್ರಿಪ್ಟ್ ಭಾಷೆಯಾದ ಲಿಸ್ಪ್‌ನ ಫಂಕ್ಷನ್ ಒಂದಕ್ಕೆ ಒಪ್ಪಿಸುವ ಅನುಕೂಲ ದಶಕಗಳಿಂದ ಇದೆ. 1991ರಲ್ಲಿ ಬ್ರಾಮ್ ಮೂಲೆನಾರ್ ಅವರು ಮೊದಲ ಬಾರಿಗೆ ಬಿಡುಗಡೆ ಮಾಡಿದ ವಿಮ್‌ನ ಸ್ಕ್ರಿಪ್ಟ್ ಭಾಷೆಗೆ ಮಾತ್ರ ಇದು ಬಂದದ್ದು ಬಹಳ ತಡವಾಗಿ. 2014ರಲ್ಲಿ ವಿಮ್‌ನಿಂದ ಕವಲೊಡೆದ ನಿಯೋವಿಮ್, ಹೊರಗಿನ ಪ್ರೊಸೆಸ್‌ಗಳೊಂದಿಗೆ ಕಾಯದೆ ವ್ಯವಹರಿಸುವುದನ್ನು ತನ್ನ ಮುಖ್ಯ ಗುರಿಗಳಲ್ಲಿ ಒಂದಾಗಿ ಇಟ್ಟುಕೊಂಡಿತು. ಹತ್ತು ವರ್ಷಗಳ ನಂತರದ ಮೊದಲ ದೊಡ್ಡ ಆವೃತ್ತಿಯಾಗಿ 2016ರ ಸೆಪ್ಟೆಂಬರ್‌ನಲ್ಲಿ ಬಂದ ವಿಮ್ 8.0 ತನ್ನ ಜೊತೆ ಚಾನೆಲ್, ಜಾಬ್ (ಹಿನ್ನೆಲೆಯಲ್ಲಿ ಓಡಿಸುವ ಪ್ರೋಗ್ರಾಂ), ಟೈಮರ್ ಮತ್ತು ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಸೌಲಭ್ಯಗಳನ್ನು ತಂದಿತು.

ಲೇಖಕರು ಆಕ್ಷೇಪಿಸಿದ ‘ಊದಿಕೊಳ್ಳುವಿಕೆ’ಯ ಪ್ರಶ್ನೆಗೆ ಅದೇ ವರ್ಷದ ಇನ್ನೊಂದು ಬೆಳವಣಿಗೆ ಉತ್ತರ ಕೊಡುತ್ತದೆ. ಪ್ರೋಗ್ರಾಮಿಂಗ್ ಭಾಷೆಯೊಂದರ ಒಳಹೊರಗು ತಿಳಿದ ಸರ್ವರ್ ಪ್ರೊಸೆಸ್ ಬೇರೆಯಾಗಿಯೇ ಓಡುತ್ತಿದ್ದು, ಎಡಿಟರ್ ಅದಕ್ಕೆ ಸಂದೇಶಗಳ ಮೂಲಕ ಪ್ರಶ್ನೆ ಕೇಳುವ ಲಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಅನ್ನು ಮೈಕ್ರೋಸಾಫ್ಟ್ 2016ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿತು. ಅದಕ್ಕೆ ಮೊದಲು ಹತ್ತು ಎಡಿಟರ್‌ಗಳಿಗೆ ಇಪ್ಪತ್ತು ಭಾಷೆಗಳ ಬೆಂಬಲ ಬೇಕಾದರೆ ಇನ್ನೂರು ಬಿಡಿ ಪ್ರಯತ್ನಗಳು ಬೇಕಾಗುತ್ತಿದ್ದವು. ಈಗ ಇಪ್ಪತ್ತು ಸರ್ವರ್‌ಗಳು ಮತ್ತು ಅವುಗಳ ಜೊತೆ ಮಾತನಾಡಬಲ್ಲ ಹತ್ತು ಎಡಿಟರ್‌ಗಳು ಇದ್ದರೆ ಸಾಕು. ಎಡಿಟರ್ ತಾನಾಗಿ ಕಲಿಯಬೇಕಾದದ್ದು ಸಂದೇಶ ಕಳಿಸುವುದು ಮತ್ತು ಪಡೆಯುವುದು ಇವೆರಡನ್ನೇ. ಚಾನೆಲ್ ಇಲ್ಲವೆಂದಾದರೆ ಆ ತಿಳಿವಳಿಕೆಯನ್ನೆಲ್ಲ ಎಡಿಟರ್‌ನ ಹೊಟ್ಟೆಯೊಳಗೇ ತುಂಬಬೇಕಾಗುತ್ತದೆ. ಊದಿಕೊಳ್ಳುವುದು ಆಗ.

ಆದರೆ ಎರಡು ಪ್ರೊಸೆಸ್‌ಗಳ ನಡುವೆ ಕೊಳವೆಯೊಂದನ್ನು ಜೋಡಿಸಿ ಕೈ ತೊಳೆದುಕೊಂಡರೆ ಚಾನೆಲ್ ಕೊಟ್ಟಂತಾಗುವುದಿಲ್ಲ. ಪೈಪ್ ಆಗಲಿ, ಜಾಲದ ಮೂಲಕ ಮಾತನಾಡುವ ಟಿಸಿಪಿ ಸಾಕೆಟ್ ಆಗಲಿ, ಸಾಗಿಸುವುದು ಬೈಟ್‌ಗಳ ಹರಿವನ್ನು. ಅದಕ್ಕೆ ಸಂದೇಶ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದು ಗೊತ್ತಿರುವುದಿಲ್ಲ. ಕನ್ನಡದಲ್ಲಿ ಬರೆಯುವ ನಮಗೆ ಇದು ಬೇಗ ಕೈಗೆ ತಗಲುವ ಮುಳ್ಳು. ಬರೆದ ಪಠ್ಯವನ್ನು ಹೊರಗಿನ ಕಾಗುಣಿತ ಪರೀಕ್ಷಕಕ್ಕೆ ಕಳಿಸಿ ಉತ್ತರ ಪಡೆಯುವ ಸ್ಕ್ರಿಪ್ಟ್ ಒಂದನ್ನು ನಾನು ಮೊದಲು ಬರೆದಾಗ, ಬಂದ ಬೈಟ್‌ಗಳನ್ನು ಬಂದ ಹಾಗೆಯೇ ಕೊಡುವ ಕಚ್ಚಾ ವಿಧಾನವನ್ನು ಆರಿಸಿಕೊಂಡಿದ್ದೆ. ಚಿಕ್ಕ ಟಿಪ್ಪಣಿಗಳಲ್ಲಿ ಎಲ್ಲವೂ ಸರಿಯಾಗಿತ್ತು. ದೀರ್ಘ ಲೇಖನವನ್ನು ಕಳಿಸಿದಾಗ ಅಲ್ಲೊಂದು ಇಲ್ಲೊಂದು ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣಿಸಿಕೊಂಡವು. ಫಾಂಟಿನ ದೋಷವೆಂದು ಭಾವಿಸಿ ಒಂದು ಇಡೀ ಸಂಜೆಯನ್ನು ಫಾಂಟ್ ಬದಲಾಯಿಸುವುದರಲ್ಲೇ ಕಳೆದೆ. ಕಾರಣ ಬೇರೆಯೇ ಇತ್ತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ (ಅಕ್ಷರ, ಸ್ವರಚಿಹ್ನೆ, ಹಲಂತ ಮುಂತಾದ ಬಿಡಿ ಘಟಕ) 3 ಬೈಟ್ ಹಿಡಿಯುತ್ತದೆ. 4096 ಬೈಟ್‌ಗಳ ತುಂಡುಗಳಲ್ಲಿ ಓದುತ್ತ ಹೋದರೆ, ಪಠ್ಯದಲ್ಲಿ ಕನ್ನಡದ ಹೊರತು ಬೇರೇನೂ ಇಲ್ಲವೆಂದಿಟ್ಟುಕೊಂಡರೂ, 1365 ಸಂಕೇತಗಳಾದ ಮೇಲೆ ಒಂದು ಬೈಟ್ ಉಳಿಯುತ್ತದೆ. ಆ ಒಂದು ಬೈಟ್ ಮುಂದಿನ ಅಕ್ಷರದ ಮೂರನೇ ಒಂದು ಭಾಗ. ಉಳಿದೆರಡು ಭಾಗಗಳು ಮುಂದಿನ ತುಂಡಿನಲ್ಲಿ ಬರುತ್ತವೆ. ಎರಡು ತುಂಡುಗಳನ್ನೂ ಬೇರೆ ಬೇರೆಯಾಗಿ ಓದಿದ ನನ್ನ ಸ್ಕ್ರಿಪ್ಟ್‌ಗೆ ಆ ಅಕ್ಷರ ಸಿಗಲೇ ಇಲ್ಲ. ಇಂಗ್ಲಿಷ್ ಪಠ್ಯದಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಈ ತಪ್ಪು ಅಲ್ಲಿ ವರ್ಷಗಟ್ಟಲೆ ಅಡಗಿರಬಲ್ಲದು.

ಆದ್ದರಿಂದ ಸಂದೇಶದ ಗಡಿಯನ್ನು ಗುರುತಿಸುವ ಹೊಣೆಯನ್ನು ಎಡಿಟರ್ ತಾನೇ ಹೊರಬೇಕು, ಪ್ಲಗಿನ್ ಬರೆಯುವವರ ತಲೆಗೆ ಕಟ್ಟಬಾರದು. ವಿಮ್ ಈ ವಿಷಯದಲ್ಲಿ ಸರಿಯಾದ ದಾರಿ ಹಿಡಿದಿದೆ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಕಚ್ಚಾ ವಿಧಾನದ ಜೊತೆಗೆ, ಸಾಲು ಮುಗಿದಾಗ ಸಂದೇಶ ಮುಗಿಯಿತೆಂದು ತಿಳಿಯುವ ವಿಧಾನವೂ, ಜೇಸನ್ ರೂಪದ ಸಂದೇಶ ಪೂರ್ತಿಯಾಗುವವರೆಗೆ ತಾನೇ ಕೂಡಿಟ್ಟುಕೊಳ್ಳುವ ವಿಧಾನವೂ ಇವೆ. ಜೇಸನ್ ವಿಧಾನದಲ್ಲಿ ಪ್ರತಿ ಪ್ರಶ್ನೆ, ಉತ್ತರಗಳ ತಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಎಡಿಟರ್ 7ನೇ ಸಂಖ್ಯೆಯಲ್ಲಿ ಕೇಳಿದ ಪ್ರಶ್ನೆಗೆ ಸರ್ವರ್ 7 ಎಂದೇ ಉತ್ತರಿಸುವುದರಿಂದ, 8ರ ಉತ್ತರ ಮೊದಲು ಬಂದರೂ ಗೊಂದಲವಾಗುವುದಿಲ್ಲ. ಲಾಂಗ್ವೇಜ್ ಸರ್ವರ್ ಪ್ರೊಟೊಕಾಲ್‌ನಲ್ಲಿ ಸಂದೇಶಕ್ಕೆ ಮೊದಲು ಅದರ ಉದ್ದವನ್ನು ಬೈಟ್‌ಗಳಲ್ಲಿ ಹೇಳಬೇಕೆಂಬ ನಿಯಮವಿದೆ. ಇಲ್ಲಿಯೂ ಕನ್ನಡ ಬಂದರೆ ಎಚ್ಚರ ಬೇಕು: ‘ಕನ್ನಡ’ ಎಂಬ ಪದದಲ್ಲಿ ಸಂಕೇತಗಳು 5 (ಕ, ನ, ಹಲಂತ, ನ, ಡ), ಬೈಟ್‌ಗಳು 15. ಸಂಕೇತಗಳನ್ನು ಎಣಿಸಿ ಉದ್ದ ಬರೆದವರ ಸಂದೇಶದಲ್ಲಿ ಈ ಒಂದು ಪದಕ್ಕೇ 10 ಬೈಟ್ ಕೊರತೆ ಬೀಳುತ್ತದೆ. ಸರ್ವರ್ ಸಂದೇಶವನ್ನು ಅರ್ಧಕ್ಕೆ ಕತ್ತರಿಸಿ, ಉಳಿದ ಬಾಲವನ್ನು ಮುಂದಿನ ಸಂದೇಶದ ತಲೆಯೆಂದು ಓದಲು ಹೋಗಿ ಅಲ್ಲಿಂದಾಚೆಗೆ ಯಾವುದನ್ನೂ ಅರ್ಥಮಾಡಿಕೊಳ್ಳಲಾರದೆ ನಿಲ್ಲುತ್ತದೆ.

ಇನ್ನೊಂದು ತೊಡಕನ್ನು ಹೇಳಲೇಬೇಕು, ಏಕೆಂದರೆ ಹೊಸಬರು ಸಾಮಾನ್ಯವಾಗಿ ಮೊದಲು ಎಡವುವುದು ಇಲ್ಲಿಯೇ. ಪ್ರೋಗ್ರಾಂ ಒಂದನ್ನು ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಓಡಿಸಿದರೆ ಸಾಲುಸಾಲಾಗಿ ಉತ್ತರ ಕೊಡುತ್ತದೆ; ಅದನ್ನೇ ಚಾನೆಲ್‌ಗೆ ಜೋಡಿಸಿದರೆ ಮೌನವಾಗಿಬಿಡುತ್ತದೆ. ಆ ಪ್ರೋಗ್ರಾಂ ಬಳಸುವ ಸಿ ಭಾಷೆಯ ಲೈಬ್ರರಿ ತನ್ನ ಎದುರಿಗಿರುವುದು ಟರ್ಮಿನಲ್ ಅಲ್ಲ, ಪೈಪ್ ಎಂದು ಕಂಡರೆ ಒಂದೊಂದೇ ಸಾಲನ್ನು ಕಳಿಸದೆ ಬಫರ್ ಎಂಬ ತಾತ್ಕಾಲಿಕ ಸಂಗ್ರಹ ತುಂಬುವವರೆಗೂ ಕೂಡಿಟ್ಟುಕೊಳ್ಳುವುದೇ ಇದಕ್ಕೆ ಕಾರಣ. ಪ್ರತಿ ಉತ್ತರದ ನಂತರ ಬಫರ್ ಖಾಲಿ ಮಾಡುವ ಒಂದು ಆದೇಶವನ್ನು ಪ್ರೋಗ್ರಾಂನಲ್ಲಿ ಬರೆದರೆ ಸಮಸ್ಯೆ ತೀರುತ್ತದೆ. ಪೈಪಿಗೂ ಒಂದು ಮಿತಿಯಿದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 65,536 ಬೈಟ್. ಎಡಿಟರ್ ದೊಡ್ಡ ಕಡತವನ್ನು ಒಂದೇ ಸಮನೆ ತುರುಕುತ್ತಿರುವಾಗ, ಆ ಕಡೆಯ ಪ್ರೋಗ್ರಾಂ ತನ್ನ ಉತ್ತರವನ್ನು ಹೊರಹಾಕುತ್ತಿದ್ದು, ಎರಡೂ ಪೈಪ್‌ಗಳು ತುಂಬಿದರೆ, ನೀನು ಓದು ಎಂದು ಇದು, ನೀನು ಓದು ಎಂದು ಅದು, ಎರಡೂ ಕಾಯುತ್ತ ನಿಂತುಬಿಡುತ್ತವೆ. ಬರೆಯುವಾಗಲೂ ಕಾಯದಿರುವ ವ್ಯವಸ್ಥೆ ಎಡಿಟರ್‌ನಲ್ಲಿರಬೇಕು ಎಂದು ಹೇಳುವುದು ಇದಕ್ಕೇ. ಕೆಲಸ ಮುಗಿಯಿತೆಂಬ ಸುದ್ದಿಯನ್ನೂ ಪೂರ್ತಿ ನಂಬುವಂತಿಲ್ಲ. ಪ್ರೊಸೆಸ್ ಸತ್ತ ಮೇಲೂ ಅದು ಬರೆದಿಟ್ಟ ಕೊನೆಯ ಸಾಲುಗಳು ಪೈಪಿನಲ್ಲಿ ಉಳಿದಿರಬಹುದು. ಚಾನೆಲ್ ಮುಚ್ಚಿದ ಮೇಲಷ್ಟೇ ಎಲ್ಲವೂ ಬಂತೆಂದು ತಿಳಿಯಬೇಕು.

ಉತ್ತರ ಬಂತು ಎಂದುಕೊಳ್ಳೋಣ. ಅದನ್ನು ಎಡಿಟರ್ ಯಾವಾಗ ಸ್ಕ್ರಿಪ್ಟ್‌ನ ಕೈಗೆ ಕೊಡಬೇಕು? ನಾನು ಸಾಲೊಂದನ್ನು ಅಳಿಸುತ್ತಿರುವ ನಡುವೆಯೇ ಉತ್ತರ ಬಂದಾಗ ಓಡುವ ಕಾಲ್‌ಬ್ಯಾಕ್ ಫಂಕ್ಷನ್ ನುಗ್ಗಿ ಅದೇ ಸಾಲನ್ನು ತಿದ್ದಿದರೆ ಕಡತ ಕೆಡುತ್ತದೆ. ವಿಮ್ ಮತ್ತು ಈಮ್ಯಾಕ್ಸ್ ಎರಡೂ, ಮುಖ್ಯವಾಗಿ, ಬಳಕೆದಾರನ ಮುಂದಿನ ಕೀಲಿಗಾಗಿ ಕಾಯುತ್ತಿರುವ ಬಿಡುವಿನಲ್ಲಿ ಇಂಥ ಕಾಲ್‌ಬ್ಯಾಕ್‌ಗಳನ್ನು ನಡೆಸುತ್ತವೆ. ಕೇಳಲು ಸಾಧಾರಣವೆನಿಸಿದರೂ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ನಿರ್ಧಾರ ಇದು. ಒಂದೇ ಹೊತ್ತಿಗೆ ಓಡುವ ಸಮಾನಾಂತರ ಎಳೆಗಳ, ಅವು ಒಂದೇ ಪಠ್ಯವನ್ನು ಒಟ್ಟಿಗೆ ಮುಟ್ಟದಂತೆ ತಡೆಯುವ ಬೀಗಗಳ ತಲೆನೋವನ್ನು ಪ್ಲಗಿನ್ ಬರೆಯುವವರಿಂದ ಇದು ದೂರವಿಡುತ್ತದೆ. ಆದರೂ ಒಂದು ಅಪಾಯ ಉಳಿಯುತ್ತದೆ. ಪ್ರಶ್ನೆ ಕಳಿಸಿದ ಮೇಲೆ ನಾನು ಮೇಲೆ ಎರಡು ಸಾಲು ಸೇರಿಸಿದ್ದರೆ, ‘40ನೇ ಸಾಲಿನಲ್ಲಿ ತಪ್ಪಿದೆ’ ಎಂದು ಬಂದ ಉತ್ತರ ಈಗ 42ನೇ ಸಾಲಿಗೆ ಸೇರಿದ್ದು. ವಿಮ್‌ನಲ್ಲಿ ತೆರೆದ ಪ್ರತಿ ಕಡತಕ್ಕೂ ತಿದ್ದಿದಾಗಲೆಲ್ಲ ಏರುವ ‘ಚೇಂಜ್ಡ್‌ಟಿಕ್’ ಎಂಬ ಎಣಿಕೆಯಿದೆ. ಕಳಿಸುವಾಗ ಅದನ್ನು ಬರೆದಿಟ್ಟುಕೊಂಡು, ಉತ್ತರ ಬಂದಾಗ ಹೋಲಿಸಿ, ಬದಲಾಗಿದ್ದರೆ ಆ ಉತ್ತರವನ್ನು ಕೈಬಿಟ್ಟು ಮತ್ತೆ ಕೇಳುವುದು ಸರಿಯಾದ ಕ್ರಮ. ನನ್ನ ಸ್ಕ್ರಿಪ್ಟ್‌ನಲ್ಲಿ ಈ ಹೋಲಿಕೆಗೆ ಬೇಕಾದದ್ದು ಎರಡೇ ಸಾಲು. ಅದಿಲ್ಲದಿದ್ದಾಗ ಸರಿಯಾದ ಪದಗಳ ಕೆಳಗೆ ಕೆಂಪು ಗೆರೆ ಬೀಳುತ್ತಿತ್ತು.

ಉತ್ತರ ಬರುವವರೆಗೆ ನಿಂತು ಕಾಯುವ ಫಂಕ್ಷನ್ ಕೂಡ ಚಾನೆಲ್‌ಗಳ ಜೊತೆ ಇರುತ್ತದೆ. ವಿಮ್‌ನಲ್ಲಿ ಬೇರೆ ಹೇಳದಿದ್ದರೆ ಅದು 2 ಸೆಕೆಂಡು ಕಾಯುತ್ತದೆ. ಬರೆಯಲು ಸುಲಭವೆಂದು ಎಲ್ಲೆಡೆ ಅದನ್ನೇ ಬಳಸಿದರೆ ನಾವು ಮತ್ತೆ ಹಳೆಯ ಸ್ಥಿತಿಗೇ ಮರಳುತ್ತೇವೆ.

ಭದ್ರತೆಯ ಬಗ್ಗೆ ಲೇಖಕರು ಏನನ್ನೂ ಹೇಳಿರಲಿಲ್ಲ. ಅವರ ಆಕ್ಷೇಪಕ್ಕೆ ನಿಜವಾದ ಬಲ ಸಿಗುತ್ತಿದ್ದದ್ದು ಅಲ್ಲಿ. ವಿಮ್‌ನ ಜೇಸನ್ ಚಾನೆಲ್‌ನಲ್ಲಿ ಆ ಕಡೆಯ ಪ್ರೊಸೆಸ್ ಉತ್ತರ ಕೊಡುವುದಷ್ಟೇ ಅಲ್ಲ, ಎಡಿಟರ್‌ನ ಆದೇಶಗಳನ್ನೂ ನಡೆಸಬಲ್ಲದು. ಅಂದರೆ ನನ್ನ ಕಡತಗಳನ್ನು ಮುಟ್ಟುವ, ಬೇರೆ ಪ್ರೋಗ್ರಾಂ ಓಡಿಸುವ ಅಧಿಕಾರ ಅದಕ್ಕೆ ಸಿಗುತ್ತದೆ. ಎಡಿಟರ್ ತಾನೇ ಹುಟ್ಟುಹಾಕಿದ ಪ್ರೊಸೆಸ್‌ಗೆ ಪೈಪ್ ಮೂಲಕ ಇದನ್ನು ಕೊಡುವುದು ಒಂದು ಮಾತು. ಹಲವರು ಬಳಸುವ ಯಂತ್ರದಲ್ಲಿ ಟಿಸಿಪಿ ಪೋರ್ಟ್ (ಸಂಖ್ಯೆಯಿಂದ ಗುರುತಿಸುವ ಜಾಲದ ಬಾಗಿಲು) ಮೂಲಕ ಕೊಡುವುದು ಬೇರೆಯೇ ಮಾತು, ಏಕೆಂದರೆ ಆ ಪೋರ್ಟಿನಲ್ಲಿ ನನಗಿಂತ ಮೊದಲು ಇನ್ನೊಬ್ಬರ ಪ್ರೊಸೆಸ್ ಕಾದು ಕುಳಿತಿರಬಹುದು. ಕಡತದ ಅನುಮತಿಗಳಿಂದ ರಕ್ಷಿಸಬಹುದಾದ ಯುನಿಕ್ಸ್ ಡೊಮೇನ್ ಸಾಕೆಟ್ ಇಂಥಲ್ಲಿ ಮೇಲು. ನನ್ನ ಕೇಳಿಕೆ ಇನ್ನೂ ಒಂದು ಹೆಜ್ಜೆ ಮುಂದಿನದು: ಹೊಸದಾಗಿ ಚಾನೆಲ್ ಸೇರಿಸುವ ಎಡಿಟರ್‌ಗಳು, ಆದೇಶ ನಡೆಸುವ ಅಧಿಕಾರವನ್ನು ಸ್ಕ್ರಿಪ್ಟ್ ಬರೆದವರು ಕೇಳಿ ಪಡೆದರೆ ಮಾತ್ರ ಕೊಡಲಿ, ಕೇಳದಿದ್ದವರಿಗೆ ಸಂದೇಶ ವಿನಿಮಯ ಮಾತ್ರ ಇರಲಿ.

ಈ ವಿಷಯದ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ ಎಂಬ ಕಾರಣಕ್ಕೆ, ಭಿನ್ನಾಭಿಪ್ರಾಯವಿದ್ದರೂ ಆ ಲೇಖನವನ್ನು ಪ್ರಕಟಿಸಿದ ತಮಗೆ ಕೃತಜ್ಞನಾಗಿದ್ದೇನೆ. ಲೇಖಕರು ಇನ್ನೊಮ್ಮೆ ಬರೆಯುವುದಾದರೆ, ಚಾನೆಲ್ ಬಳಸುವ ಪ್ಲಗಿನ್ ಒಂದನ್ನು ಇಂಗ್ಲಿಷ್ ಕಡತದ ಮೇಲೆ ಮಾತ್ರವಲ್ಲದೆ 4096 ಬೈಟ್‌ಗಿಂತ ದೊಡ್ಡದಾದ ಕನ್ನಡ ಕಡತವೊಂದರ ಮೇಲೂ ಓಡಿಸಿ ನೋಡಿ, ಕಂಡದ್ದನ್ನು ಓದುಗರಿಗೆ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ