ಗರಸು ಹರಡಿದರೆ ಕಸದ ಗುಡ್ಡೆ ಮುಚ್ಚಿದಂತಲ್ಲ

ಸಂಪಾದಕರೇ,

ಹಳೆಯ ಕಸದ ಗುಡ್ಡೆ ಮುಚ್ಚುವ ಮಾತು ಬಂದಾಗಲೆಲ್ಲ ನಮ್ಮ ಕೋಲಾರದ ಕಡೆ ಹೊಳೆಯುವ ಉಪಾಯ ಒಂದೇ: ಗರಸು ಸುರಿದು, ಜೆಸಿಬಿಯಲ್ಲಿ ಸಮ ಮಾಡಿ, ಸಸಿ ನೆಡುವುದು. ಕಸ ಕಣ್ಣಿಗೆ ಮರೆಯಾಗುತ್ತದೆ, ಮಳೆನೀರಿಗೆ ಆಗುವುದಿಲ್ಲ. ವರ್ಷಕ್ಕೆ 700 ಮಿ.ಮೀ. ಮಳೆ ಎಂದಿಟ್ಟುಕೊಂಡರೂ ಎಕರೆ ಮೇಲೆ ಬೀಳುವುದು 28 ಲಕ್ಷ ಲೀಟರ್. ಆವಿಯಾಗಿ, ಹರಿದುಹೋಗಿ ಉಳಿದದ್ದು ಗರಸಿನಲ್ಲಿ ಸಲೀಸಾಗಿ ಇಳಿದು ಕಸ ತೊಳೆಯುತ್ತದೆ. ಹಳೆ ಗುಡ್ಡೆಗೆ ತಳದಲ್ಲಿ ನೀರು ತಡೆಯುವ ಹಾಳೆ ಹಾಸಿರುವುದಿಲ್ಲ. ಆ ಕಪ್ಪು ನೀರು ಬಂಡೆಯ ಬಿರುಕು ಹಿಡಿದು ಕೊಳವೆಬಾವಿ ಸೇರುತ್ತದೆ.

ಬಯೋಮೈನಿಂಗ್ ಮಾಡಿ, ಅಂದರೆ ಹಳೆ ಕಸವನ್ನು ಅಗೆದು, ಜರಡಿ ಹಿಡಿದು, ಬೇರ್ಪಡಿಸಿ ಸಾಗಿಸಿ, ಗುಡ್ಡೆಯನ್ನೇ ಕರಗಿಸುವುದು ಮೇಲು. ಅದಾಗದ ಕಡೆ ಹೊದಿಕೆ ಹಾಕಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕೊಟ್ಟಿದ್ದ ಅಳತೆ: 60 ಸೆಂ.ಮೀ. ಜೇಡಿಮಣ್ಣು, ಮೇಲೆ ನೀರು ಬಸಿಯಲು 15 ಸೆಂ.ಮೀ. ಪದರ, ಅದರ ಮೇಲೆ ಹುಲ್ಲು ಬೆಳೆಯಲು 45 ಸೆಂ.ಮೀ. ಮಣ್ಣು.

ಜೀವವಿರುವುದು ಜೇಡಿಯಲ್ಲಿ. ಅದರೊಳಗೆ ನೀರು ಸೆಕೆಂಡಿಗೆ ಒಂದು ಸೆಂ.ಮೀ.ನ ಕೋಟಿಯಲ್ಲೊಂದು ಪಾಲಿಗಿಂತ ವೇಗವಾಗಿ ಇಳಿಯಬಾರದು, ಅಂದರೆ ವರ್ಷಕ್ಕೆ ಸುಮಾರು 3 ಸೆಂ.ಮೀ. ಎಕರೆಗೆ ದಮ್ಮಸು ಮಾಡಿದ ಮೇಲೆ 2,400 ಘನ ಮೀಟರ್ ಬೇಕು. ಸಡಿಲ ಮಣ್ಣು ದಮ್ಮಸಿನಲ್ಲಿ ಕುಗ್ಗುವುದರಿಂದ, 10 ಘನ ಮೀಟರಿನ ಟಿಪ್ಪರಿನಲ್ಲಿ ಹೊತ್ತರೆ ಸುಮಾರು 300 ಲೋಡು. ಕೆರೆ ಹೂಳು ಹತ್ತಿರದಲ್ಲೇ ಸಿಗುತ್ತದೆ ನಿಜ, ಆದರೆ ಹೂಳೆಲ್ಲ ಜೇಡಿಯಲ್ಲ. ಏರಿ ಮಗ್ಗುಲಿನದು ನಯ, ಹಳ್ಳ ಕೆರೆ ಸೇರುವ ಕಡೆಯದು ಮರಳು. ಲ್ಯಾಬಿನಲ್ಲಿ ಪರೀಕ್ಷಿಸಿ, ಸಾಲದಿದ್ದರೆ ಬೆಂಟೊನೈಟ್ (ನೀರು ಕುಡಿದು ಉಬ್ಬುವ ಜೇಡಿ ಪುಡಿ) ಬೆರೆಸಬೇಕು. 15 ಸೆಂ.ಮೀ.ಗೊಂದು ವರಸೆಯಂತೆ, ಹದವಾಗಿ ತೇವ ಮಾಡಿ, ಶೀಪ್‌ಫುಟ್ ರೋಲರ್ (ಮೈತುಂಬ ಗೊರಸಿನಂಥ ಗುಬ್ಬಿಗಳಿರುವ ರೋಲರ್) ಓಡಿಸಬೇಕು. ಮುಗಿದ ಜೇಡಿಯನ್ನು ಬೇಸಿಗೆ ಬಿಸಿಲಿಗೆ ಬಿಟ್ಟರೆ ಬತ್ತಿದ ಕೆರೆಯಂಗಳದ ಹಾಗೆ ಸೀಳುತ್ತದೆ. ಆಮೇಲೆ ಮೇಲೆ ಏನು ಹರಡಿದರೂ ಪ್ರಯೋಜನವಿಲ್ಲ.

ಜೇಡಿಯ ಕೆಳಗೆ ಸುಮಾರು 30 ಸೆಂ.ಮೀ. ಜಲ್ಲಿ, ಅದರಲ್ಲಿ ತೂತಿನ ಪೈಪು, ಮೇಲೆದ್ದ ಗಾಳಿಕೊಳವೆ ಇರಲೇಬೇಕು. ಕಸ ಕೊಳೆತು ಹುಟ್ಟುವ ಮೀಥೇನ್ ಅನಿಲಕ್ಕೆ ದಾರಿ ಕೊಡದಿದ್ದರೆ ಹೊದಿಕೆ ಉಬ್ಬುತ್ತದೆ, ಹುಲ್ಲು ಸಾಯುತ್ತದೆ, ಅನಿಲ ಪಕ್ಕದ ಮನೆಯ ಸಂಪಿನವರೆಗೂ ಹರಿಯಬಹುದು. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಮೀಥೇನ್ ಬೆರೆತರೆ ಒಂದು ಕಿಡಿ ಸಾಕು.

ಕಸ ಕೊಳೆಯುತ್ತ ಗುಡ್ಡೆ ಒಂದೇ ಸಮನಾಗಿ ಕುಸಿಯುವುದಿಲ್ಲ. ನೆತ್ತಿಯನ್ನು ಮಟ್ಟಸ ಬಿಟ್ಟರೆ ತಗ್ಗು ಬಿದ್ದು ಅಲ್ಲೇ ನೀರು ನಿಲ್ಲುತ್ತದೆ. ನೂರು ಅಡಿಗೆ ಮೂರರಿಂದ ಐದು ಅಡಿ ಇಳಿಜಾರು, ಪಕ್ಕಗಳಿಗೆ ಒಂದು ಅಡಿ ಎತ್ತರಕ್ಕೆ ಕನಿಷ್ಠ ಮೂರು ಅಡಿ ಅಗಲ, ಬುಡದ ಸುತ್ತ ಚರಂಡಿ ಬೇಕು. ಇನ್ನು ನೀಲಗಿರಿ, ಹೊಂಗೆ ನೆಟ್ಟು ಫೋಟೊ ತೆಗೆಸುವುದು ಬೇಡ. ಬೇರು ಜೇಡಿಯನ್ನು ತೂತು ಮಾಡುತ್ತದೆ. ಗರಿಕೆ ಸಾಕು.

ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ಆರೈಕೆ ನಡೆಯಬೇಕೆಂದು 2016ರ ಅದೇ ನಿಯಮಗಳು ಹೇಳಿದ್ದವು. ಟೆಂಡರಿನಲ್ಲಿ ಮಣ್ಣು ಸಾಗಣೆಗೆ ಮಾತ್ರ ಹಣ ತೋರಿಸಿ ಇದನ್ನು ಬಿಟ್ಟುಬಿಡುವುದುಂಟು. ಬಿರುಕು ಮುಚ್ಚಲು, ತಗ್ಗು ತುಂಬಲು, ಗುಡ್ಡೆಯಾಚೆ ಏರಿನ ಕಡೆ ಒಂದು, ನೀರು ಇಳಿದುಹೋಗುವ ಕಡೆ ಎರಡು ಕೊಳವೆಬಾವಿಯ ನೀರನ್ನು ಮಳೆಗಾಲದ ಮುಂಚೆ, ಆಮೇಲೆ ಪರೀಕ್ಷಿಸಲು ಹಣವನ್ನು ಆ ಟೆಂಡರಿನಲ್ಲೇ ಸೇರಿಸಲಿ.

– ಒಬ್ಬ ಸಿವಿಲ್ ಎಂಜಿನಿಯರ್, ಕೋಲಾರ