ಪೌಂಡಿನಲ್ಲಿ ತೂಗಿದ ಕೂಸು, ಕಿಲೋ ಲೆಕ್ಕದಲ್ಲಿ ಮಾರಿದ ಕೇಸ್ ಶೀಟು

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಸರ್ಕಾರಿ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ದುಡಿದು ನಿವೃತ್ತನಾದ ಮೈಸೂರಿನವನು. ಡಾಕ್ಟರಲ್ಲ. ಆದರೆ ವಿದೇಶಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಅಂತ ಶಾಲು ಹೊದಿಸಿದ ಫೋಟೊ ಪೇಪರಿನಲ್ಲಿ ಕಂಡಾಗಲೆಲ್ಲ ಆಸ್ಪತ್ರೆಗಳ ಹಳೇ ದಾಖಲೆ ಉಳಿಸಿಕೊಳ್ಳುವ ಬಗ್ಗೆ ನಿಮಗೊಂದು ಕಾಗದ ಬರೆಯಬೇಕು ಅನ್ನಿಸುತ್ತಿತ್ತು.

ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ನಿಮಗೆ ಗೊತ್ತಿರುತ್ತದೆ. ನಾನು ಹುಟ್ಟಿದ್ದೂ ಅಲ್ಲೇ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದಾರೆ. ತೂಕವೆಲ್ಲ ಪೌಂಡಿನಲ್ಲಿ. ಬರೆದವರಿಗೆ ಅದು ದಿನದ ಕೆಲಸ, ಅಷ್ಟೇ.

ಅತ್ತ ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ಡಾಕ್ಟರ ತಂಡವೂ ಹರ್ಟ್‌ಫರ್ಡ್‌ಶೈರಿನ ಇಂಥದ್ದೇ ಹಳೇ ಲೆಡ್ಜರುಗಳನ್ನು ತೆರೆಯಿತು. ಹುಟ್ಟುವಾಗ ತೂಕ ಕಡಿಮೆ ಇದ್ದವರು ಮುಂದೆ ಹೃದಯದ ಕಾಯಿಲೆಯಿಂದ ಸಾಯುವುದು ಜಾಸ್ತಿ ಎಂದು 1989ರಲ್ಲಿ ಹೇಳಿತು. ಸರಿ, ಅದು ಅವರ ಊರಿನ ಲೆಕ್ಕ. ರಾಗಿ ಮುದ್ದೆ ತಿಂದು ಬೆಳೆದವರಲ್ಲೂ ಹಾಗೇನಾ? ಇಂಗ್ಲೆಂಡಿನ ಪುಸ್ತಕ ಎಷ್ಟು ತಿರುವಿದರೂ ಅದಕ್ಕೆ ಉತ್ತರ ಇರಲಿಲ್ಲ. ಮಿಷನ್ ಆಸ್ಪತ್ರೆಯ ಪುಸ್ತಕದಲ್ಲಿತ್ತು.

ಬಾರ್ಕರ್ ಇದ್ದ ಸೌತಾಂಪ್ಟನ್ನಿನವರೂ ಮೈಸೂರಿನವರೂ ಸೇರಿ 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪರೀಕ್ಷೆ ಮಾಡಿದರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ ಇತ್ತು. 3.1 ಕಿಲೋ ದಾಟಿದವರಲ್ಲಿ ನೂರಕ್ಕೆ 3. ಇದು 1996ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪ್ರಶ್ನೆ ಅಲ್ಲಿಂದ ಬಂತು, ಪುಸ್ತಕ ಇಲ್ಲಿತ್ತು. ಆ ಪುಸ್ತಕವನ್ನು ಯಾರೋ ಗೆದ್ದಲಿಗೆ ಬಿಟ್ಟಿದ್ದರೆ ಲ್ಯಾನ್ಸೆಟ್ಟೂ ಇಲ್ಲ, ಏನೂ ಇಲ್ಲ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರಿಂದಲೇ ಲೆಕ್ಕ ಶುರು ಮಾಡಿ ಪಾರ್ಥೆನಾನ್ ಎಂಬ ಅಧ್ಯಯನ ನಡೆಯಿತು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದವರ ಮಕ್ಕಳಿಗೆ ಮುಂದೆ ಏನಾಗುತ್ತದೆ ಎಂದು ವರ್ಷಗಟ್ಟಲೆ ನೋಡಿದರು. ಆ ಮಕ್ಕಳಲ್ಲಿ ಚಿಕ್ಕಂದಿನಲ್ಲೇ ಕೊಬ್ಬು ಜಾಸ್ತಿ ಕಂಡಿತು. ನಮ್ಮೂರ ತಾಯಂದಿರು ಕರೆದಾಗಲೆಲ್ಲ ಮಕ್ಕಳ ಕೈ ಹಿಡಿದು ಬಂದದ್ದಕ್ಕೆ ಆದ ಕೆಲಸ ಇದು.

ಇನ್ನೂ ಹಳೆಯದೊಂದಿದೆ. 1956ರಲ್ಲಿ ಮದ್ರಾಸಿನಲ್ಲಿ ಬ್ರಿಟಿಷರ ವೈದ್ಯಕೀಯ ಸಂಶೋಧನಾ ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆ, ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ ಕ್ಷಯರೋಗಿಗಳಿಗೆ ಮನೆಯಲ್ಲೇ ಮಾತ್ರೆ ಕೊಟ್ಟು ನೋಡಿದವು. ಸ್ಯಾನಟೋರಿಯಂನಲ್ಲಿ, ಅಂದರೆ ಕ್ಷಯದ ಆಸ್ಪತ್ರೆಯಲ್ಲಿ, ಮಲಗಿಸಿದಷ್ಟೇ ಗುಣ ಕಂಡಿತು. ನಮ್ಮ ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ನೋಡಿ ಬೆಳೆದವರಿಗೆ ಇದು ಎಂಥ ಮಾತು ಅಂತ ಅರ್ಥವಾಗುತ್ತದೆ. ಬಡವರ ಮನೆಯಲ್ಲಿ ಸಿಕ್ಕ ಉತ್ತರ ಶ್ರೀಮಂತ ದೇಶಗಳಿಗೂ ಉಪಯೋಗಕ್ಕೆ ಬಂತು.

ಈಗ ನನ್ನ ಸಂಕಟ. ನಾನಿದ್ದ ಆಸ್ಪತ್ರೆಯ ಹೆಸರು ಬೇಡ. ಒಂದು ಮಳೆಗಾಲ ರೆಕಾರ್ಡ್ ರೂಮಿನ ಸೂರು ಸೋರಿತು. ಅವಧಿ ಮುಗಿದ ದಾಖಲೆ ಅಂತ ಪಟ್ಟಿ ಮಾಡಿ ಗುಜರಿಯವನಿಗೆ ಕೊಟ್ಟರು. ತೂಕದ ಚೀಟಿ ಬರೆದವನು ನಾನೇ. ಅದರಲ್ಲಿ ಹೆರಿಗೆ ವಾರ್ಡಿನ ಬೈಂಡು ಪುಸ್ತಕಗಳೂ ಇದ್ದವು. ನೀಲಿ ಶಾಯಿ, ಎಷ್ಟು ದುಂಡಗಿನ ಅಕ್ಷರ! ಕಿಲೋ ಲೆಕ್ಕದಲ್ಲಿ ಹೋದವು. ರೋಗಿಗಳ ಹೆಸರು, ಊರು ಎಲ್ಲ ಮುಚ್ಚುಮರೆಯಿಲ್ಲದೆ ಅದರಲ್ಲಿತ್ತು. ಅದು ಬೇರೆಯದೇ ನಾಚಿಕೆ.

ಹಾಗಾಗಿ ಸ್ವಾಮಿ, ಮೈಸೂರು, ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಹಳೇ ಹೆರಿಗೆ ಪುಸ್ತಕ ಎಷ್ಟು ಉಳಿದಿವೆ ಅಂತ ಮೊದಲು ಎಣಿಸಿ. ಎಣಿಕೆ ಮುಗಿಯುವ ತನಕ ಒಂದನ್ನೂ ಗುಜರಿಗೆ ಕೊಡಬೇಡಿ ಅಂತ ಸುತ್ತೋಲೆ ಹೊರಡಿಸಿ. ಸ್ಕ್ಯಾನ್ ಮಾಡಿಸಿ, ಹೆಸರು ಮರೆಮಾಚಿ, ನಕಲು ಇಲ್ಲೇ ಇಡಿಸಿ. ಖಾಲಿ ಬಿದ್ದಿರುವ ರೆಕಾರ್ಡ್ ವಿಭಾಗದ ಹುದ್ದೆ ತುಂಬಿ. ಹೊರದೇಶದವರ ಜೊತೆ ಸಹಿ ಹಾಕುವಾಗ ಮಾಹಿತಿ ಯಾರ ಬಳಿ ಉಳಿಯುತ್ತದೆ, ಪ್ರಬಂಧದಲ್ಲಿ ನಮ್ಮ ಹುಡುಗ ಹುಡುಗಿಯರ ಹೆಸರು ಎಲ್ಲಿ ಬರುತ್ತದೆ ಅಂತ ಆ ಕಾಗದದಲ್ಲೇ ಬರೆಸಿ. ರಕ್ತ ತೆಗೆದು ಪ್ಯಾಕ್ ಮಾಡಿ ಕಳಿಸುವುದೊಂದೇ ನಮ್ಮ ಪಾಲಿಗೆ ಬಂದರೆ ಅದನ್ನು ಸಹಯೋಗ ಅಂತ ಕರೆಯುವುದು ಹೇಗೆ?

ಎಣಿಸಲು ಜನ ಸಾಲದಿದ್ದರೆ ನನ್ನನ್ನು ಕರೆಯಿರಿ. ಸಂಬಳ ಬೇಡ. ಧೂಳಿಗೆ ಒಂದು ಮಾಸ್ಕ್ ಕೊಡಿಸಿದರೆ ಸಾಕು.

ಇತಿ,
ನಿವೃತ್ತ ದಾಖಲೆ ಗುಮಾಸ್ತ, ಮೈಸೂರು